ಎಲ್ಲಾ ಕಡೆ ಹೋಗುವ ಟೈರಿನ ಸ್ವಾಮೇರು

ಗಡಿಯಾಚೆ ಮರಾಠಿ ಸೀಮೆಯಲ್ಲಿರುವ ನಮ್ಮ ಕಾಸಾರಶಿರಸಿಯ ಬಸ್ ಸ್ಟ್ಯಾಂಡಿನ ಎದುರಿಗೆ ಸ್ವಾಮೇರ ಶ್ರದ್ಧಾಂಜಲಿಯ ಫ್ಲೆಕ್ಸ್ ಇನ್ನೂ ಹಾಗೇ ಇದೆ. ಅದರಲ್ಲಿ ಅವರು ತಮ್ಮ ಪಿಕಪ್ ಗಾಡಿಯ ಮೂತಿಯ ಮೇಲೆ ಒಂದು ಕೈ ಊರಿ, ಇನ್ನೊಂದು ಕೈಯಿಂದ ಮೀಸೆ ಮುಟ್ಟಿಕೊಂಡು ನಿಂತಿದ್ದಾರೆ. ಫೋಟೋ ತೆಗೆದವನು ಕುಕ್ಕರುಗಾಲಲ್ಲಿ ಕೂತು ತೆಗೆದಿರಬೇಕು; ಅವರ ಮುಖಕ್ಕಿಂತ ಮುಂದಿನ ಟೈರು ದೊಡ್ಡದಾಗಿ ಬಂದಿದೆ. ಶ್ರದ್ಧಾಂಜಲಿ ಯಾರಿಗೆ ಎಂದು ಹೊಸಬರು ಕೇಳಿಯೇ ತಿಳಿಯಬೇಕು.

ನಾನು ಕಲಿತದ್ದು ಗುಲಬರ್ಗಾದ ಕಾನ್ವೆಂಟಿನಲ್ಲಿ. ತೀರಿಕೊಂಡವರ ಬಗ್ಗೆ ಮೊದಲು ಒಳ್ಳೆಯದನ್ನು ನೆನೆಯಿರಿ ಎಂದು ನಮ್ಮ ಸಿಸ್ಟರ್ ಹೇಳುತ್ತಿದ್ದರು. ಅದನ್ನು ಹೇಳಿ ಮುಗಿಸಿಬಿಡುತ್ತೇನೆ. ಸ್ವಾಮೇರ ಬಟ್ಟೆ ಯಾವಾಗಲೂ ಇಸ್ತ್ರಿ ಮಾಡಿದ್ದೇ. ಹಣೆಯ ವಿಭೂತಿಯ ಗೆರೆ ಒಂದು ದಿನವೂ ಸೊಟ್ಟಗಾಗಿದ್ದನ್ನು ನಾನು ಕಾಣೆ. ಹಲ್ಲು ಕೊನೆಯತನಕ ಗಟ್ಟಿಯಾಗಿದ್ದವು. ಅಷ್ಟೇ. ನಮ್ಮ ಸಿಸ್ಟರ್ ‘ಮೊದಲು’ ಎಂದಿದ್ದರೇ ಹೊರತು ‘ಮಾತ್ರ’ ಎಂದಿರಲಿಲ್ಲ.

ಅವರದು ಜಂಗಮರ ಮನೆತನ. ನಮ್ಮ ಓಣಿಯ ಮನೆಗಳಿಗೆಲ್ಲ ತೊಟ್ಟಿಲು, ಮದುವೆ, ಹೊಸ ಮನೆ, ಹೊಸ ಗಾಡಿ, ಎಲ್ಲ ಪೂಜೆಗೂ ಅವರೇ ಬರಬೇಕು. ಹೆಸರು ಹಿಡಿದು ಕರೆಯುವ ರೂಢಿಯಿಲ್ಲ, ಹಾಗಾಗಿ ಎಲ್ಲರಿಗೂ ಅವರು ಬರೀ ಸ್ವಾಮೇರು. ಬೆಳಗಿನ ಪೂಜೆ ಮುಗಿಸಿ ಪಿಕಪ್ ಹತ್ತುತ್ತಿದ್ದರು. ಹೋಗುವಾಗ ನಿಲಂಗಾಕ್ಕೆ ಹಾಲಿನ ಕ್ಯಾನು, ಬರುವಾಗ ಕಿರಾಣಿ ಸಾಮಾನು, ಸಂತೆಯ ದಿನ ಹೆಂಗಸರು ಮತ್ತು ಅವರ ಬುಟ್ಟಿ. ಶರಣು ಮಾಡಲು ಬಂದವರಿಗಾಗಿ ಅವರು ಗಾಡಿಯಿಂದ ಇಳಿಯುತ್ತಿರಲಿಲ್ಲ. ಎಂಜಿನ್ ಬಂದ್ ಮಾಡದೆ, ಬಾಗಿಲು ತೆರೆದು, ಒಂದು ಕಾಲನ್ನು ಹೊರಗೆ ಇಳಿಬಿಡುತ್ತಿದ್ದರು. ಜನ ಆ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ ಮೇಲೆ ಕಾಲು ಒಳಗೆ ಹೋಗುತ್ತಿತ್ತು, ಬಾಗಿಲು ಮುಚ್ಚುತ್ತಿತ್ತು. ನಮ್ಮ ಅತ್ತೆ ಹೀಗೆ ಬಗ್ಗಿ ಏಳುವಾಗ ಸೈಲೆನ್ಸರಿನ ಹೊಗೆ ಕುಡಿದು ಕೆಮ್ಮಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ನಾನು ಸೊಸೆಯಾಗಿ ಈ ಊರಿಗೆ ಬಂದದ್ದು ತೊಂಬತ್ಮೂರರ ದೊಡ್ಡ ಭೂಕಂಪವಾಗಿ ಕೆಲವು ವರ್ಷಗಳಾದ ಮೇಲೆ. ಆಗಲೂ ಹಳೆಯ ಕಲ್ಲುಗೋಡೆಗಳ ಬಿರುಕಿಗೆ ತುಂಬಿದ ಸಿಮೆಂಟು ಎದ್ದು ಕಾಣುತ್ತಿತ್ತು. ಮತ್ತೆ ನಡುಗಿದರೆ ಓಡಲು ಬೇಕೆಂದು ಜನ ಬಾಗಿಲ ಚಿಲಕ ಹಾಕದೆ ಮಲಗುತ್ತಿದ್ದರು. ಆ ಭೂಕಂಪದ ರಾತ್ರಿ ಓಣಿಗೆ ಎಲ್ಲರಿಗಿಂತ ಮೊದಲು ಓಡಿ ಬಂದವರು ಸ್ವಾಮೇರೇ ಎಂದು ನೆರೆಯವರು ಹೇಳಿದರು. ಹೊಸದಾಗಿ ಮದುವೆಯಾಗಿದ್ದ ಹೆಂಡತಿ ಒಳಗೇ ಇದ್ದರು. ಆಕೆ ತಾನೇ ಕತ್ತಲೆಯಲ್ಲಿ ತಡಕಾಡಿಕೊಂಡು, ತಲೆಯ ತುಂಬ ಮಾಳಿಗೆಯ ಮೇಲ್ಮುದ್ದೆಯ ಮಣ್ಣು ಸುರಿಸಿಕೊಂಡು ಹೊರಬಿದ್ದರಂತೆ. ಸ್ವಾಮೇರು ಅದಕ್ಕೆ ಕೊಡುತ್ತಿದ್ದ ವಿವರಣೆಯನ್ನು ನಾನೇ ಕೇಳಿದ್ದೇನೆ. “ನಾ ಹಾದಿ ಸಾಫ್ ಅದನೋ ಇಲ್ಲೋ ನೋಡ್ಲಿಕ್ಕೆ ಮುಂದ ಬಂದಿದ್ದೆ. ಯಾರರೆ ಒಬ್ಬರು ನೋಡಬೇಕಲ್ಲ?”

ಆ ಹೆಂಡತಿಯನ್ನು ನಾನು ಅಕ್ಕಾ ಎನ್ನುತ್ತೇನೆ. ಒಂದು ಮಧ್ಯಾಹ್ನ ನಮ್ಮ ಕಟ್ಟೆಯ ಮೇಲೆ ಕೂತು ತೊಗರಿಬೇಳೆ ಹಸನು ಮಾಡುತ್ತಾ ಈ ಮಾತು ಬಂದಾಗ ಅಕ್ಕ ಮೊರದಿಂದ ಕಣ್ಣೆತ್ತಲಿಲ್ಲ.

“ಖರೆ ಅದ ತಂಗಿ. ಹಾದಿ ನೋಡ್ತಾ ನೋಡ್ತಾ ಗುಡಿ ತನಕಾ ಹೋಗಿದ್ರು.”

ಮಾಡಿದ ಮೇಲೆ ಕಾರಣ ಹುಟ್ಟಿಸುವುದೇ ಸ್ವಾಮೇರ ನಿಜವಾದ ವಿದ್ಯೆ. ಮಂತ್ರದಲ್ಲಿ ಅವರು ಆಗಾಗ ತಡವರಿಸುತ್ತಿದ್ದರು, ಇದರಲ್ಲಿ ಎಂದೂ ಇಲ್ಲ.

ಇನ್ನು ಟೈರಿನ ವಿಷಯ. ಒಂದು ಮುಂಗಾರಿನಲ್ಲಿ, ಹಳೆಯ ಟೈರು ಸವೆದಿವೆ ಎಂದು ಉದಗೀರಿಗೆ ಹೋದವರು ನಾಲ್ಕೂ ಗಾಲಿಗೆ ಹೊಸ ನಮೂನೆಯ ದಪ್ಪ ಟೈರು ಹಾಕಿಸಿಕೊಂಡು ಬಂದರು. ಮೈತುಂಬ ಗಡ್ಡೆ ಗಡ್ಡೆ, ಗಡ್ಡೆಗಳ ನಡುವೆ ಬೆರಳು ತೂರುವ ಸಂದು. ಅವುಗಳ ಅಗಲಕ್ಕೆ ಗಾಡಿಯ ಮಡ್‌ಗಾರ್ಡು ಸಾಲದೆ, ಅದನ್ನು ಬಡಿದು ಹೊರಗೆ ಉಬ್ಬಿಸಿದ್ದರು. ಮಂಗಬಾವು ಆದ ಮಗುವಿನ ಕೆನ್ನೆಯ ಹಾಗೆ ಕಾಣುತ್ತಿತ್ತು ಗಾಡಿ. ನೇರವಾಗಿ ನಮ್ಮ ಬಾಗಿಲಿಗೇ ತಂದು ನಿಲ್ಲಿಸಿದರು. ನಾನು ಆಗಷ್ಟೇ ಸಾರಿಸಿ ಹಾಕಿದ್ದ ರಂಗೋಲಿಯ ಮೇಲೆ ಹಾವಿನ ಹೊಟ್ಟೆಯಂಥ ಗುರುತು ಬಿತ್ತು. ಅಂಗಳದ ಆ ಅಚ್ಚು ಒಣಗಿ ಬಹಳ ದಿನ ಉಳಿದಿತ್ತು.

“ಇಂಗ್ಲಿಷ್ ತಾಯೀ, ಇದರ ಮ್ಯಾಲ ಏನ್ ಬರದಾರ ಓದಿ ಹೇಳ್ರಿ,” ಎಂದರು. ನಾನು ಕಾನ್ವೆಂಟಿನವಳೆಂದು ನನಗೆ ಅವರು ಇಟ್ಟ ಹೆಸರು ಅದು. ಬಗ್ಗಿ ಓದಿದೆ. ಎಲ್ಲ ಬಗೆಯ ನೆಲಕ್ಕೂ ಎಂದು ಬರೆದಿದ್ದಾರೆ ಎಂದೆ.

“ಕೇಳಿದ್ರೇನು? ಎಲ್ಲಾ ಕಡೆ ಹೋಗ್ತಾವ!”

ಅಂದಿನಿಂದ ಅದೊಂದು ಮಾತು ಅವರ ಬಾಯಲ್ಲಿ ನಿಂತುಬಿಟ್ಟಿತು. ಹೋಗುತ್ತಿದ್ದದ್ದು ಮಾತ್ರ ದಿನಾ ನಿಲಂಗಾಕ್ಕೆ, ಅದೂ ಡಾಂಬರಿನ ಮೇಲೆ. ಆ ಟೈರು ಎದುರಿಸುತ್ತಿದ್ದ ಅತಿ ದುರ್ಗಮ ಜಾಗವೆಂದರೆ ಶಾಲೆಯ ಮುಂದಿನ ಸ್ಪೀಡ್ ಬ್ರೇಕರ್. ಡಾಂಬರಿನ ಮೇಲೆ ಅವು ಗೂಂ ಎಂದು ಹಿಟ್ಟಿನ ಗಿರಣಿಯ ಹಾಗೆ ಕೂಗುತ್ತಿದ್ದವು. “ಹುಲಿ ಆವಾಜ್,” ಎನ್ನುತ್ತಿದ್ದರು ಸ್ವಾಮೇರು. ಹಿಂದೆ ಹಾಲಿನ ಕ್ಯಾನುಗಳು ಮುಚ್ಚಳ ಸಮೇತ ಕುಣಿಯುತ್ತಿದ್ದವು. “ನಿಲಂಗಾ ಮುಟ್ಟೂದ್ರಾಗ ಮಜ್ಜಿಗಿ ಆಗಿರ್ತದ,” ಎನ್ನುತ್ತಿದ್ದರು ಅಕ್ಕ.

ಟೈರಿನ ಪೂಜೆಯನ್ನು ಸ್ವಾಮೇರೇ ಮಾಡಿಕೊಂಡರು. ಊರಿನ ಎಲ್ಲ ಗಾಡಿಗಳಿಗೆ ಮಾಡುವಂತೆ ನಾಲ್ಕೂ ಗಾಲಿಯ ಅಡಿಗೆ ನಿಂಬೆಹಣ್ಣು ಇಟ್ಟು, ಕುಂಕುಮ ಹಚ್ಚಿ, ಕಾಯಿ ಒಡೆದು, ಗಾಡಿ ಮುಂದಕ್ಕೆ ಬಿಟ್ಟರು. ಹಿಂದಿನ ದಿನ ಮಳೆ ಬಂದಿತ್ತು. ಗಾಡಿ ಹೋದ ಮೇಲೆ ನೋಡಿದರೆ ಒಂದು ಹಣ್ಣೂ ಒಡೆದಿರಲಿಲ್ಲ. ನಾಲ್ಕೂ ಹಸಿ ಎರೆಮಣ್ಣಿನಲ್ಲಿ ಹೂತು, ಕಣ್ಣುಗುಡ್ಡೆಯ ಹಾಗೆ ಮೇಲೆ ನೋಡುತ್ತಿದ್ದವು.

ಎದುರಿನ ಚಹಾದಂಗಡಿಯವನು ಮರಾಠಿಯವನು. ಅಲ್ಲಿಂದಲೇ ಕೂಗಿದ: “ಕಾಯ್ ಸ್ವಾಮೀ, ಲಿಂಬೂ ಸುದ್ಧಾ ಫುಟತ್ ನಾಹೀ?” ಏನು ಸ್ವಾಮಿ, ಒಂದು ನಿಂಬೆಹಣ್ಣೂ ಒಡೆಯಲಾರದೇ?

ನೆರೆದವರು ನಕ್ಕರು. ಸ್ವಾಮೇರು ಗಾಡಿಯಿಂದ ಇಳಿಯುವಷ್ಟರಲ್ಲಿ ಕಾರಣ ಸಿದ್ಧವಾಗಿತ್ತು. “ಒಡೀಲಿಲ್ಲ ಅಂದ್ರ ಏನ್ ತಿಳೀಬೇಕು? ಈ ಗಾಡಿ ಯಾರನ್ನೂ ತುಳಿಯಂಗಿಲ್ಲ. ದೇವರು ಕೊಟ್ಟ ಖೂನ, ಗುರ್ತು ಅದು. ನಗಬ್ಯಾಡ್ರಿ, ಕೈ ಮುಗೀರಿ.” ಕೆಲವರು ಮುಗಿದೂ ಮುಗಿದರು. ಪೂಜೆಯ ಹಣ್ಣನ್ನು ಮನೆಗೆ ಬಳಸಬಾರದು, ಇಲ್ಲದಿದ್ದರೆ ನಾಲ್ಕೂ ಉಪ್ಪಿನಕಾಯಿಗೆ ಬರುವಷ್ಟು ಚೆನ್ನಾಗಿದ್ದವು.

ಅವರ ಮಗಳು ಸುವರ್ಣಾ ಆಗ ಒಂಬತ್ತನೆಯ ತರಗತಿ. ಸಪೂರ ಹುಡುಗಿ. ನಿಂತಲ್ಲಿ ನಿಲ್ಲುವಾಗಲೂ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಶಾಲೆಯ ಖೋ-ಖೋ ತಂಡದಲ್ಲಿ ಅವಳನ್ನು ಮುಟ್ಟಿದವರು ಕಡಿಮೆ. ಉದಗೀರಿನ ಒಂದು ಮೈದಾನದಲ್ಲಿ ಕ್ರೀಡಾ ವಸತಿಶಾಲೆಗೆ ಹುಡುಗಿಯರನ್ನು ಆರಿಸುತ್ತಾರೆಂದು ಸುದ್ದಿ ಬಂತು. ಆರಿಸಿದರೆ ಅಲ್ಲೇ ಇದ್ದು ಓದು, ಆಟ ಎರಡೂ ಮುಂದುವರಿಯುತ್ತದೆ. ಇಲ್ಲದಿದ್ದರೆ ಏನೆಂದು ಓಣಿಗೆಲ್ಲ ಗೊತ್ತಿತ್ತು. ಸ್ವಾಮೇರ ಷಡ್ಡಕರು, ಎಂದರೆ ಅಕ್ಕನ ತಂಗಿಯ ಗಂಡ, ವಲಾಂಡಿಯಲ್ಲಿದ್ದರು. ಅವರು ಒಂದು ಗಂಡು ನೋಡಿಟ್ಟಿದ್ದರು. ಹತ್ತನೆಯದು ಮುಗಿಯುವುದನ್ನೇ ಕಾಯುತ್ತಿದ್ದರು.

ಆಯ್ಕೆಯ ಹಿಂದಿನ ಸಂಜೆ ಅಕ್ಕ ನಮ್ಮ ಮನೆಗೆ ಬಂದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡುತ್ತಿದ್ದರು.

“ತಂಗೀ, ನೀ ಆಕಿ ಜೋಡಿ ಹೋಗು. ಅಲ್ಲೆ ಸಾಹೇಬರ ಮುಂದ ನೀ ಮಾತಾಡ್ತಿ. ಇವರು ಮಾತಾಡಿದ್ರ ಆಟ ಬಿಟ್ಟು ಟೈರಿಂದೇ ಹೇಳ್ತಾರ. ಹತ್ತಕ್ಕ ಹೆಸರು ಕರೀತಾರಂತ. ಇಲ್ಲದವರದು ಹೊಡದ್ ಹಾಕ್ತಾರಂತ. ಇದೊಂದು ತಪ್ಪಿದ್ರ ಆಕಿದು ಅಲ್ಲಿಗೇ ಮುಗೀತು.”

“ಮುಂಜಾನೆ ಬಸ್ಸಿಗೆ ಹೋಗೋಣು ಅಕ್ಕಾ,” ಎಂದೆ.

ಬಾಗಿಲಾಚೆಯಿಂದ ಸ್ವಾಮೇರ ದನಿ ಬಂತು. “ಬಸ್ಸು? ಮನಿ ಮುಂದ ಇಂಥಾ ಗಾಡಿ ಇಟಗೊಂಡು ನನ್ನ ಮಗಳು ಬಸ್ಸಿಗಿ ಹೋಗಬೇಕು? ಟೈರ್ ನಗ್ತಾವ ನಗ್ತಾವ!”

ಮರುದಿನ ಹಾಲಿನ ಕ್ಯಾನುಗಳನ್ನು ನಿಲಂಗಾದಲ್ಲಿ ಇಳಿಸಿ ಉದಗೀರಿನ ದಾರಿ ಹಿಡಿದೆವು. ಮುಂದಿನ ಸೀಟಿನಲ್ಲಿ ನಾನು ನಡುವೆ, ಕಿಟಕಿಯ ಬದಿಗೆ ಸುವರ್ಣಾ. ಅವಳು ಬೂಟಿನ ಲೇಸನ್ನು ಗಂಟು ಹಾಕಿ ಕೊರಳಿಗೆ ಇಳಿಬಿಟ್ಟುಕೊಂಡಿದ್ದಳು, ಮಣ್ಣಾಗಬಾರದೆಂದು. ರಾತ್ರಿಯೆಲ್ಲ ಮಳೆ ಸುರಿದು ಬೆಳಗ್ಗೆ ಹೊಳವಾಗಿತ್ತು. ವೇಳೆಯೂ ಬೇಕಾದಷ್ಟಿತ್ತು. ಅದೇ ತಪ್ಪಾಯಿತೇನೋ. ವಲಾಂಡಿ ಇನ್ನೂ ಮುಂದಿರುವಾಗ ಸ್ವಾಮೇರು ತಟ್ಟನೆ ಎಡಕ್ಕೆ ತಿರುಗಿಸಿ ಹೊಲದ ಹಾದಿಗೆ ಇಳಿಸಿದರು.

“ಯಾಕ್ರೀ ಸ್ವಾಮೇರ? ಡಾಂಬರಿ ಚಲೋ ಅದಲ್ಲ?”

“ಇಲ್ಲಿಂದ ಹತ್ತರ ಆಗ್ತದ ತಾಯಿ.”

ಹತ್ತಿರವಾಗುತ್ತಿದ್ದದ್ದು ಉದಗೀರಲ್ಲ, ಷಡ್ಡಕರ ಹೊಲ. ಅವರು ಅದೇ ವರ್ಷ ಹೊಸ ಟ್ರ್ಯಾಕ್ಟರ್ ತಂದಿದ್ದರು. ಟ್ರ್ಯಾಕ್ಟರಿನ ಮುಂದೆ ಒಂದು ಸಲ ಈ ಟೈರುಗಳ ಮೇಲೆ ಹಾದುಹೋಗದಿದ್ದರೆ ಸ್ವಾಮೇರಿಗೆ ಅನ್ನ ಇಳಿಯುತ್ತಿರಲಿಲ್ಲ. “ಇವತ್ತ ನೋಡ್ರಿ ಟೈರಿನ ಕಮಾಲ್,” ಎಂದು ಮುಂದಕ್ಕೆ ಬಗ್ಗಿ ಸ್ಟೇರಿಂಗ್ ಅಪ್ಪಿಕೊಂಡರು.

ಎರೆಭೂಮಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಬಿದ್ದ ಎರೆ ಹೊಲಕ್ಕೆ ಇಲ್ಲಿ ನಾಯಿಯೂ ಇಳಿಯುವುದಿಲ್ಲ. ಸ್ವಲ್ಪ ದೂರ ಗಾಡಿ ಹೋಯಿತು. ಆಮೇಲೆ ಟೈರಿನ ಗಡ್ಡೆಗಳ ನಡುವಿನ ಆ ಪ್ರಸಿದ್ಧ ಸಂದುಗಳಲ್ಲಿ ಮಣ್ಣು ತುಂಬಿಕೊಂಡು, ನಾಲ್ಕೂ ಗಾಲಿ ಎಣ್ಣೆ ಸವರಿದ ರೊಟ್ಟಿಹಂಚಿನ ಹಾಗೆ ನುಣ್ಣಗಾದವು. ಸ್ವಾಮೇರು ಇನ್ನಷ್ಟು ಒತ್ತಿದರು. ಹುಲಿ ಕೂಗಿತು. ಮಣ್ಣು ಮೇಲೇರಿ ಟೈರಿಗೂ ಉಬ್ಬಿಸಿದ ಮಡ್‌ಗಾರ್ಡಿಗೂ ನಡುವೆ ಬೆಣೆ ಹೊಡೆದಂತೆ ಕೂತಿತು. ಗಾಲಿ ತಿರುಗುವುದೇ ನಿಂತಿತು. ತೊಗರಿಯ ಸಾಲಿನಲ್ಲಿ ಒಂದು ಕೊಕ್ಕರೆ ನಮ್ಮನ್ನೇ ನೋಡುತ್ತಿತ್ತು.

“ಹತ್ತ್ ಮಿಂಟ್ ತಡೀರಿ. ಮಣ್ಣ ಜರಾ ಒಣಗ್ಲಿ, ಆಪೋಆಪ್, ತನ್ನಷ್ಟಕ್ಕ ತಾನೇ ಹೊಂಡ್ತದ.”

ಸುವರ್ಣಾ ಬಾಗಿಲು ತೆರೆದು ಕೆಳಗಿಳಿದಳು. ಕಾಲು ಕಣಕಾಲಿನ ತನಕ ಹೂತಿತು. ಗಾಲಿಯನ್ನು ನೋಡಿದಳು, ತಂದೆಯನ್ನು ನೋಡಿದಳು. ಅಳುತ್ತಾಳೆಂದುಕೊಂಡೆ.

“ಅಪ್ಪಾ, ನೀವು ಟೈರ್ ತೊಳಕೊಂತ ಇರ್ರಿ. ನಾ ಹೋಗಿ ಬರ್ತೀನಿ.”

“ಏ, ಎಲ್ಲಿಗಿ ಹೊಂಟಿ? ಗಾಡಿ ಬಿಟ್ಟು ನಡಕೊಂತ ಹೋದ್ರ ಮಂದಿ ಏನಂತಾರ? ನಿನ್ನ ಕಾಕಾ ಅಲ್ಲೇ ಹೊಲದಾಗ ಇರ್ತಾನ, ನೋಡ್ತಾನ!”

ಮಗಳ ಹೆಸರು ಹೊಡೆದು ಹಾಕುವ ಹೊತ್ತು ಹತ್ತಿರ ಬರುತ್ತಿತ್ತು. ಇವರಿಗೆ ಷಡ್ಡಕರ ಕಣ್ಣಿನ ಚಿಂತೆ. ನಾನೂ ಇಳಿದೆ. ನನ್ನ ಎಡಗಾಲಿನ ಚಪ್ಪಲಿ ಮಣ್ಣಿನೊಳಗೇ ಉಳಿಯಿತು, ಬಲಗಾಲಿನದನ್ನು ನಾನೇ ಬಿಟ್ಟೆ. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದೆ. ಸ್ವಾಮೇರು ಮುಖ ಆಚೆ ತಿರುಗಿಸಿಕೊಂಡರು. ಅಷ್ಟು ಮರ್ಯಾದೆ ಅವರಿಗೆ ತಿಳಿದಿತ್ತು.

ಎರೆಯಲ್ಲಿ ಒಂದೊಂದು ಹೆಜ್ಜೆಗೂ ಕಾಲಿಗೆ ಸೇರು ಸೇರು ಮಣ್ಣು ಮೆತ್ತುತ್ತದೆ. “ಕಾಕೂ, ಬದುವಿನ ಮ್ಯಾಲ ಬರ್ರಿ, ಹುಲ್ಲ ಅದ!” ಎಂದು ಕೂಗಿದವಳೇ ಸುವರ್ಣಾ ಹೊಲದ ಅಂಚಿನ ಹುಲ್ಲಿನ ಮೇಲೆ ಓಡತೊಡಗಿದಳು. ಬದು ಮುರಿದಲ್ಲಿ ಹಾರಿದಳು, ಜಾಲಿಯ ಟೊಂಗೆ ಅಡ್ಡ ಬಂದಲ್ಲಿ ತಲೆ ತಗ್ಗಿಸಿದಳು. ಕೊರಳಲ್ಲಿ ಬೂಟು ಎದೆಗೆ ಬಡಿಯುತ್ತಿದ್ದವು. ಹಿಂದಿನಿಂದ ಹುಲಿ ಮತ್ತೆರಡು ಸಲ ಕೂಗಿ ಸುಮ್ಮನಾಯಿತು. ನಾನು ಬಿದ್ದೆ, ಎದ್ದೆ, ಮತ್ತೆ ಬಿದ್ದೆ. ಡಾಂಬರಿಗೆ ಮುಟ್ಟಿದಾಗ ಅವಳು ಒಂದು ಟಮಟಮ ರಿಕ್ಷಾವನ್ನು ತಡೆದು, ಅದರ ಹ್ಯಾಂಡಲ್ಲಿನ ಮೇಲೇ ಕೈ ಇಟ್ಟು, ನನಗಾಗಿ ನಿಂತಿದ್ದಳು.

ಟಮಟಮದ ತುಂಬ ಕಳೆ ತೆಗೆಯುವ ಹೆಂಗಸರು. ಹೊಲ ಹಸಿಯೆಂದು ಕೆಲಸ ಸಿಗದೆ ಉದಗೀರಿನ ಬಾಜಾರಕ್ಕೆ ಹೊರಟಿದ್ದರು. ನಮ್ಮ ಅವತಾರ ನೋಡಿ ಒಬ್ಬಾಕೆ ಮರಾಠಿಯಲ್ಲಿ ಕೇಳಿದಳು, ಇನ್ನೊಬ್ಬಾಕೆ ಕನ್ನಡದಲ್ಲಿ ಕೇಳಿದಳು, ನಾನು ಎರಡರಲ್ಲೂ ಹೇಳಿದೆ. ಅವರಲ್ಲಿ ಹಿರಿಯಾಕೆ ಸುವರ್ಣಾಳ ಕಾಲನ್ನು ತನ್ನ ತೊಡೆಯ ಮೇಲೆಳೆದುಕೊಂಡು, ಕಳೆ ಕೀಳುವ ಖುರಪಿಯ ಬೆನ್ನಿನಿಂದ ಅಂಗಾಲಿನ ಎರೆಮಣ್ಣನ್ನು ಹೆರೆದು ಹೆರೆದು ಹೊರಗೆ ಎಸೆದಳು. ಆಮೇಲೆ ಇನ್ನೊಂದು ಕಾಲು. ಜಂಗಮರ ಮನೆಯ ಕಾಲನ್ನು ಊರೆಲ್ಲ ಮುಟ್ಟಿದ್ದು ನಾನು ನೋಡಿದ್ದೇನೆ, ಕಣ್ಣಿಗೊತ್ತಿಕೊಂಡದ್ದೂ ನೋಡಿದ್ದೇನೆ. ಇಂಥದ್ದನ್ನು ನೋಡಿರಲಿಲ್ಲ.

ಮೈದಾನದ ಗೇಟಿನಲ್ಲಿ ಇಳಿಯುವಾಗ ಧ್ವನಿವರ್ಧಕದಲ್ಲಿ ಹೆಸರುಗಳು ಬರುತ್ತಿದ್ದವು. ಅವಳ ಹೆಸರು ಒಂದು ಸಲ ಕರೆದರು. ಎರಡನೆಯ ಸಲ ಕರೆಯುವುದಕ್ಕೆ ಮುಂಚೆ ಸುವರ್ಣಾ ಗೇಟಿನಿಂದಲೇ, ಶಾಲೆಯಲ್ಲಿ ಹಾಜರಿ ಹೇಳುವ ಹಾಗೆ, “ಹಜರ್!” ಎಂದು ಚೀರಿದಳು. ಮೈದಾನದವರೆಲ್ಲ ತಿರುಗಿ ನೋಡಿದರು. ಬೂಟು ಹಾಕಿಕೊಳ್ಳಲು ಪುರುಸೊತ್ತಾಗಲಿಲ್ಲ, ಬರಿಗಾಲಲ್ಲೇ ಆಡಿದಳು. ಬೆನ್ನಟ್ಟಿದ ಹುಡುಗಿಯರ ಕೈಗೆ ಅವಳು ಸಿಗಲಿಲ್ಲ. ಆರಿಸಿದರು. ನನ್ನ ಇಂಗ್ಲಿಷ್ ಯಾರಿಗೂ ಬೇಕಾಗಲಿಲ್ಲ.

ಸಂಜೆ ನಾವು ಬಸ್ಸಿನಲ್ಲಿ ಊರಿಗೆ ಬಂದಾಗ ಸ್ವಾಮೇರು ಮನೆಯ ಮುಂದೆ ನಿಂತಿದ್ದರು. ಟೈರುಗಳು ತೊಳೆದು ಲಕಲಕ ಹೊಳೆಯುತ್ತಿದ್ದವು. ಷಡ್ಡಕರು ತಮ್ಮ ಟ್ರ್ಯಾಕ್ಟರ್ ತಂದು ಎಳೆಯುತ್ತೇನೆಂದರೂ, ಎಂಜಿನ್ ತಣ್ಣಗಾಗಲಿ ಎಂದು ಇವರು ಮಧ್ಯಾಹ್ನದ ತನಕ ಒಪ್ಪಿರಲಿಲ್ಲವೆಂದು ಆಮೇಲೆ ತಿಳಿಯಿತು. ಅದನ್ನು ಷಡ್ಡಕರು ವರ್ಷಗಟ್ಟಲೆ ಮದುವೆ ಮುಂಜಿಗಳಲ್ಲಿ ಊಟದ ಪಂಕ್ತಿಯಲ್ಲಿ ಹೇಳಿ ಸುಖಪಟ್ಟರು.

ಮಗಳ ಮುಖ ನೋಡಿ ಸ್ವಾಮೇರಿಗೆ ಗೊತ್ತಾಯಿತು. “ಆತಿಲ್ಲೋ?” ಎಂದರು. ಆಮೇಲೆ ಓಣಿಗೆ ಕೇಳುವಂತೆ, “ನಾ ಬೇಕಂತೇ ಅಲ್ಲಿ ಇಳಸಿದ್ದೆ. ಗಾಡ್ಯಾಗ ಕೂತ್ ಕೂತ್ ಕಾಲ್ ಜೋಮ್ ಹಿಡೀತಾವ. ಓಡಿ ಮೈ ಬೆಚ್ಚಗ ಆಗಬೇಕಲ್ಲ ಆಟಕ್ಕ!”

ಅಕ್ಕ ಒಳಗಿನಿಂದ ಚೊಂಬಿನಲ್ಲಿ ಬಿಸಿನೀರು ತಂದು ಮಗಳ ಕಾಲ ಮೇಲೆ ಸುರಿದರು. ಮುಳ್ಳು ಚುಚ್ಚಿದಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿದರು. “ಹಾದಿ ಸಾಫ್ ಇತ್ತೇನವ್ವಾ?” ಎಂದಷ್ಟೇ ಕೇಳಿದರು. ಸುವರ್ಣಾ ನಕ್ಕಳು. ನಾನೂ ನಕ್ಕೆ. ಸ್ವಾಮೇರೂ ಹಲ್ಲು ತೋರಿಸಿ ನಕ್ಕರು, ತಮ್ಮನ್ನೇ ಹೊಗಳಿದರೆಂದು.

ಆ ಕಥೆ ಆಮೇಲೆ ಬೆಳೆಯಿತು. ಮೊದಲ ವರ್ಷ ಅವರು ಅವಳನ್ನು ಬೇಕೆಂದು ಇಳಿಸಿದ್ದರು. ಮುಂದೆ, ಎಲ್ಲಿ ಇಳಿಸಬೇಕೆಂದು ಮೊದಲೇ ಜಾಗ ನೋಡಿ ಬಂದಿದ್ದರು. ಕೊನೆಕೊನೆಗೆ, ಆ ಟೈರು ಹಾಕಿಸಿದ್ದೇ ಮಗಳ ಅಭ್ಯಾಸಕ್ಕೆ ಎಂಬಲ್ಲಿಗೆ ಬಂದು ನಿಂತಿತ್ತು. ಅವರು ತೀರಿಕೊಂಡಾಗಿನ ಶ್ರದ್ಧಾಂಜಲಿ ಸಭೆಯಲ್ಲಿ ಗುಂಜೋಟಿಯಿಂದ ಬಂದಿದ್ದ ಒಬ್ಬ ಹಿರಿಯರು ಇದನ್ನೇ ಕಣ್ಣೊರೆಸಿಕೊಂಡು ಹೇಳಿದರು. ಇಂಥ ತಂದೆ ಸಿಗಬೇಕೆಂದರೆ ಪುಣ್ಯ ಮಾಡಿರಬೇಕು ಎಂದರು. ಹೆಂಗಸರ ಸಾಲಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದ ಸುವರ್ಣಾ ತಲೆ ತಗ್ಗಿಸಿ ಕಾಲಿನ ಹೆಬ್ಬೆರಳನ್ನು ನೋಡಿಕೊಳ್ಳುತ್ತಿದ್ದಳು. ಅಳುತ್ತಿದ್ದಾಳೆಂದು ಜನ ತಿಳಿದರು. ಅವಳ ಭುಜ ನನ್ನ ಭುಜಕ್ಕೆ ತಾಗಿತ್ತು, ಹಾಗಾಗಿ ನನಗೆ ಮಾತ್ರ ಗೊತ್ತು: ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು.

ಈಗ ಅವಳು ಉಮರ್ಗಾದ ಒಂದು ಶಾಲೆಯಲ್ಲಿ ಆಟದ ಶಿಕ್ಷಕಿ. ಗಾಡಿ ಮಾರಾಟವಾಯಿತು. ಕೊಂಡವನು ನೋಡಿದ ಕೂಡಲೇ, ಈ ಟೈರು ನನಗೆ ಬೇಡ, ಮೊದಲಿನ ನಮೂನೆಯವು ಹಾಕಿಕೊಡಿ ಎಂದ. ನಾಲ್ಕು ಟೈರು ಅಕ್ಕನ ಅಂಗಳದಲ್ಲಿ ಉಳಿದವು, ಗಡ್ಡೆಗಳು ಡಾಂಬರಿನ ಮೇಲೇ ಅರ್ಧ ಸವೆದಿದ್ದವು. ಸುವರ್ಣಾ ಬಂದು ಅವನ್ನು ತನ್ನ ಶಾಲೆಗೆ ಸಾಗಿಸಿದಳು.

ಕಳೆದ ವಾರ ಅಕ್ಕನೂ ನಾನೂ ಉಮರ್ಗಾಕ್ಕೆ ಹೋಗಿದ್ದೆವು, ಬಸ್ಸಿನಲ್ಲಿ. ಮೈದಾನದಲ್ಲಿ ನಾಲ್ವರು ಹುಡುಗಿಯರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನಿಂತಿದ್ದರು. ಒಂದೊಂದು ಹಗ್ಗದ ತುದಿಗೆ ಒಂದೊಂದು ಟೈರು, ಅಡ್ಡ ಮಲಗಿಸಿದ್ದು. ಕಾಲಿಗೆ ಬಲ ಬರಲೆಂದು ಎಳೆಸುತ್ತಾರಂತೆ. ಹುಡುಗಿಯರು ಮುಂದಕ್ಕೆ ಬಾಗಿ ಓಡಿದರು. ಟೈರುಗಳು ಧೂಳೆಬ್ಬಿಸುತ್ತಾ ಹಿಂದೆ ಹಿಂದೆ ಹೋದವು. ನನ್ನ ರಂಗೋಲಿಯ ಮೇಲೆ ಬಿದ್ದಿದ್ದ ಆ ಅಚ್ಚು ಎಲ್ಲಾದರೂ ಮೂಡುತ್ತದೆಯೇ ಎಂದು ನಾನು ಬಗ್ಗಿ ನೋಡಿದೆ. ಮಲಗಿದ ಟೈರಿಗೆ ಅಚ್ಚು ಮೂಡಿಸಲು ಆಗುವುದಿಲ್ಲ. ಅದು ಬರೀ ನೆಲ ಗುಡಿಸುತ್ತದೆ.

ಅಕ್ಕ ಬೇಲಿಯ ಹತ್ತಿರ ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ಸುವರ್ಣಾ ಸೀಟಿ ಹಿಡಿದುಕೊಂಡು ನಮ್ಮ ಕಡೆಗೆ ಬಂದಳು. ಮುಖದಲ್ಲಿ ನಗುವಿರಲಿಲ್ಲ.

“ನೋಡ್ರಿ ಕಾಕೂ,” ಎಂದಳು. “ಎಲ್ಲಾ ಕಡೆ ಹೋಗ್ತಾವ.”

ತಿರುಗಿ ನಿಂತು, ಹುಡುಗಿಯರಿಗೆ ಮತ್ತೆ ಸೀಟಿ ಊದಿದಳು.